ನಲವತ್ತೆಂಟು ಅಂಕಿ

ಶನಿವಾರ ಬೆಳಗಿನ ಹತ್ತೂವರೆಗೆ, ಬೈಲಹೊಂಗಲದ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಅನ್ನಪೂರ್ಣಾಗೆ ಒಂದು ಸಂಗತಿ ಮಾತ್ರ ಖಚಿತವಾಗಿತ್ತು. ಒತ್ತಬಾರದ್ದು ಏನನ್ನೋ ತಾನು ಒತ್ತಿಬಿಟ್ಟಿದ್ದೇನೆ. ಯಾವುದನ್ನು, ಯಾವ ಗಳಿಗೆಯಲ್ಲಿ ಎಂಬುದು ಎಷ್ಟು ಹಿಂದಕ್ಕೆ ಹೋಗಿ ನೆನೆದರೂ ತಿಳಿಯಲೊಲ್ಲದು.

ಎದುರಿಗಿದ್ದ ಲ್ಯಾಪ್‌ಟಾಪ್ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಈಗ ಅದರ ಪರದೆ ತುಂಬ ನೀಲಿ ಬಣ್ಣ, ನಡುವೆ ಉದ್ದನೆಯ ಒಂದು ಖಾಲಿ ಪಟ್ಟಿ. ನಲವತ್ತೆಂಟು ಅಂಕಿಯ ಕೀಲಿಯನ್ನು ಇಲ್ಲಿ ತುಂಬಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆಕೆಗೆ ಗೊತ್ತಿದ್ದದ್ದು ನಾಲ್ಕು ಅಂಕಿ. ದಿನಾ ಆ ನಾಲ್ಕನ್ನು ಒತ್ತಿದರೆ ‘ಅನ್ನಪೂರ್ಣಾ, ಸ್ವಾಗತ’ ಎಂದು ಬಾಗಿಲು ತೆಗೆಯುತ್ತಿದ್ದ ಯಂತ್ರ ಇಂದು ಗುರುತೇ ಇಲ್ಲದವರಂತೆ ನಡೆದುಕೊಳ್ಳುತ್ತಿತ್ತು.

ಅನ್ನಪೂರ್ಣಾ ಕಿತ್ತೂರಿನ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ದಿನಾ ಬಸ್ಸಿಗೆ ಹೋಗಿ ಬರುವವಳು. ಹೋದ ವರ್ಷ ಧಾರವಾಡದಲ್ಲಿ ಕೆಲವರು ಸೇರಿ ಒಕ್ಕಲುತನದ ಪದಗಳ ನಿಘಂಟೊಂದನ್ನು ಕೈಗೆತ್ತಿಕೊಂಡಾಗ, ಈ ಸೀಮೆಯ ಹಳಬರ ಮಾತನ್ನು ಧ್ವನಿಮುದ್ರಿಸಿ ತರುವ ಕೆಲಸ ಈಕೆಗೆ ಬಂತು. ಎಂಟು ತಿಂಗಳು ರಜೆಯ ದಿನಗಳಲ್ಲಿ ಸವದತ್ತಿ, ರಾಮದುರ್ಗದ ಹಳ್ಳಿಗಳನ್ನು ತಿರುಗಿ ಅರವತ್ತಮೂರು ಧ್ವನಿಮುದ್ರಿಕೆ ಮಾಡಿದಳು. ಅದರಲ್ಲಿ ಹತ್ತೊಂಬತ್ತು ತೊರಗಲ್ಲಿನ ಮಹಾಂತಪ್ಪನವರವು. ಬಿತ್ತುವ ಕೂರಿಗೆ, ಕಳೆ ತೆಗೆಯುವ ಕುಂಟೆ, ಚಕ್ಕಡಿ, ಒಂದೊಂದರ ಒಂದೊಂದು ಭಾಗವನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳಿದ್ದರು. ಈ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಈಗ ಅವರ ದನಿ ಇದ್ದದ್ದು ಈ ಲ್ಯಾಪ್‌ಟಾಪಿನೊಳಗೆ ಮಾತ್ರ. ಫೋನು ತುಂಬಿತೆಂದು ಹೋದ ವಾರವಷ್ಟೇ ಅನ್ನಪೂರ್ಣಾ ಎಲ್ಲವನ್ನೂ ಇದಕ್ಕೆ ಸಾಗಿಸಿ, ಫೋನಿನಲ್ಲಿದ್ದುದನ್ನು ಅಳಿಸಿಹಾಕಿದ್ದಳು. ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಹಾಕಿಡಬೇಕೆಂದು ಅಂದುಕೊಂಡಿದ್ದಳು. ಆದರೆ ಮನೆಯಲ್ಲಿದ್ದ ಒಂದೇ ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿದ್ದಾಗಿತ್ತು.

ಎಲ್ಲದಕ್ಕೂ ಆ ಲಿನಕ್ಸೇ ಮೂಲ. ಮುದ್ರಿಸಿದ ಮಾತನ್ನು ಬರಹಕ್ಕಿಳಿಸಲು ಯೋಜನೆಯವರು ಮಾಡಿಸಿದ ಸಾಧನ ವಿಂಡೋಸಿನಲ್ಲಿ ನಡೆಯುವುದಿಲ್ಲ, ಲಿನಕ್ಸ್ ಬೇಕು. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇರಬಹುದು ಎಂದು ಯೋಜನೆಯ ಪ್ರಜ್ಞಾ ಹೇಳಿದ್ದಳು. ಹಾಗಾಗಿ ಇಂದು ಬೆಳಿಗ್ಗೆ ಒಂದು ವಿಡಿಯೋ ಹಚ್ಚಿಕೊಂಡು, ಅದರೊಳಗಿನವನು ಹೇಳಿದಂತೆ ಮಾಡುತ್ತ ಹೋದಳು. ಪೆನ್‌ಡ್ರೈವ್ ಚುಚ್ಚಿದರೆ ಪರದೆ ಕಪ್ಪಾಯಿತು. ಒಂದು ಭದ್ರತೆಯನ್ನು ತೆಗೆದುಹಾಕಿ ಎಂದ, ತೆಗೆದಳು. ಆಗಲೂ ಕಪ್ಪೇ. ಅವನು ತೋರಿಸಿದ ಪುಟಕ್ಕೂ ಇವಳ ಪರದೆಯ ಪುಟಕ್ಕೂ ತಾಳೆಯಾಗದೆ, ಅದೇ ಇರಬಹುದೆಂದು ಇನ್ನೊಂದು ಪುಟಕ್ಕೆ ಹೋದಳು. ಅಲ್ಲಿ ಕೆಂಪು ಅಕ್ಷರದಲ್ಲಿ ಏನೋ ಕೇಳಿತು. ಹೌದು ಎಂದರೆ ವಾಯ್, ಇಲ್ಲ ಎಂದರೆ ಎನ್. ವಾಯ್ ಒತ್ತಿದಳು. ಆಮೇಲೆ ಲಿನಕ್ಸ್ ಬಂತು, ನಿಜ. ಬಂದು, ಈ ಡಿಸ್ಕಿಗೆ ಬೀಗ ಹಾಕಿದೆ, ವಿಂಡೋಸಿಗೆ ಹೋಗಿ ಬೀಗ ತೆಗೆದು ಬಾ, ಇಲ್ಲವಾದರೆ ಎಲ್ಲವನ್ನೂ ಅಳಿಸಿ ಕೂಡ್ರುತ್ತೇನೆ ಎಂದಿತು. ಅನ್ನಪೂರ್ಣಾ ಹೆದರಿ ಪೆನ್‌ಡ್ರೈವ್ ಕಿತ್ತು ಮತ್ತೆ ಶುರು ಮಾಡಿದಾಗ ಬಂದದ್ದು ಈ ನೀಲಿ.

ಮೊದಲು ತೆಗೆದಿದ್ದ ಭದ್ರತೆಯನ್ನು ತಿರುಗಿ ಹಾಕಿ ನೋಡಿದಳು. ನೀಲಿ ಹೋಗಲಿಲ್ಲ.

“ಏನಾತು, ಆಗಿಂದ ಅದರ ಮಾರಿ ನೋಡ್ಕೋತ ಕುಂತೀಯಲ್ಲ?” ಗಂಡ ಮಾಂತೇಶ ಕನ್ನಡಿಯ ಮುಂದೆ ತಲೆ ಬಾಚುತ್ತ ಕೇಳಿದ. ಹತ್ತಿ ಜಿನ್ನಿನಲ್ಲಿ ಸೂಪರ್‌ವೈಸರ್ ಅವನು. ಕೆಟ್ಟ ಯಂತ್ರವನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಅರ್ಧ ರೋಗ ಹೋಗುತ್ತದೆ ಎಂದು ನಂಬಿದವನು.

“ಕೀಲಿ ಕೇಳಾಕತ್ತೈತ್ರಿ.”

“ಬಂದ್ ಮಾಡಿ ಚಾಲೂ ಮಾಡು.”

“ಆರು ಸಲ ಮಾಡೇನಿ.”

“ಏಳನೇ ಸಲ ಮಾಡು” ಎಂದು ನಗುತ್ತ ಬಂದವನು ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. “ಅಜ್ಜಾರ ಮಾತೆಲ್ಲಾ ಅದರಾಗನ ಅದಾವೇನು?”

ಅನ್ನಪೂರ್ಣಾ ಹೌದೆಂದು ತಲೆಯಾಡಿಸಿದಳು.

ಪ್ರಜ್ಞಾಗೆ ಫೋನು ಮಾಡಿದಾಗ ಆಕೆ ನಡೆದದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡಳು. ಆ ಕೆಂಪು ಅಕ್ಷರದ ಪುಟದ ಮಾತನ್ನು ಮೂರನೆಯ ಸಲವೂ ಕೇಳಿದಳು.

“ಮೇಡಂ, ಆ ಲ್ಯಾಪ್‌ಟಾಪಿನಾಗ ಒಂದು ಸಣ್ಣ ಚಿಪ್ ಇರತೈತ್ರಿ. ಬೀಗದ ಕೀಲಿ ಅದರ ಹಂತೇಕ ಇತ್ತು. ನೀವು ಅದಕ್ಕ ಎಲ್ಲಾ ಮರತಬಿಡು ಅಂತ ಹೇಳೀರಿ.”

“ನಾ ಹಂಗ ಎಲ್ಲಿ ಹೇಳೀನ್ರಿ? ನಾ ಉಳಿಸಿಡು ಅಂತ ತಿಳಕೊಂಡು ಒತ್ತೀನಿ.”

“ಇರಲಿ ಬಿಡ್ರಿ. ಇನ್ನೊಂದು ಕೀಲಿ ಹೊರಗ ಇರತೈತಿ. ವಿಂಡೋಸ್ ಮೊದಲ ಚಾಲೂ ಮಾಡುವಾಗ ಯಾವ ಖಾತೆ ಹಾಕಿರತಾರಲ್ರಿ, ಆ ಖಾತೆದಾಗ ಹೋಗಿ ಕೂತಿರತೈತಿ. ಫೋನಿನಾಗ ನಿಮ್ಮ ಖಾತೆ ತಗದು ನೋಡ್ರಿ. ಸಿಕ್ಕರ ಎಲ್ಲಾ ಸಿಕ್ಕಂಗ. ಅಲ್ಲೀತನಕ ಎಲ್ಲಾ ಅಳಿಸು ಅನ್ನೋದನ್ನ ಮಾತ್ರ ಒತ್ತಬ್ಯಾಡ್ರಿ.”

ಅನ್ನಪೂರ್ಣಾ ಫೋನಿನಲ್ಲಿ ತನ್ನ ಖಾತೆ ತೆರೆದಳು. ‘ನಿಮ್ಮ ಹೆಸರಿನಲ್ಲಿ ಯಾವ ಕೀಲಿಯೂ ಇಲ್ಲ’ ಎಂದು ಬಂತು. ತಪ್ಪು ಓದಿರಬೇಕೆಂದು ಮತ್ತೊಮ್ಮೆ ಓದಿದಳು. ಕಾಲೇಜಿನ ಕೆಲಸಕ್ಕೆ ಮಾಡಿಕೊಂಡಿದ್ದ ಇನ್ನೊಂದು ಮೇಲ್ ಹಾಕಿ ನೋಡಿದಳು, ಮಾಂತೇಶನದ್ದನ್ನೂ ಹಾಕಿದಳು. ಎಲ್ಲಿಯೂ ಇಲ್ಲ. ಹಾಗಾದರೆ ದಿನಾ ಬೆಳಗಾದರೆ ಸ್ವಾಗತ ಹೇಳುತ್ತಿದ್ದದ್ದು ಯಾವ ಅನ್ನಪೂರ್ಣಾಗೆ? ತನ್ನ ಹೆಸರಿನ ಇನ್ನೊಬ್ಬಳು ಎಲ್ಲೋ ಇದ್ದು, ತಾನು ಇಷ್ಟು ದಿನ ಅವಳ ಮನೆಯಲ್ಲಿ ಸಾಮಾನು ಇಟ್ಟಂತೆ ಅನಿಸಿತು.

ಅಷ್ಟರಲ್ಲಿ ತೊರಗಲ್ಲಿನಿಂದ ಫೋನು ಬಂತು. ಮಹಾಂತಪ್ಪನವರ ಸೊಸೆ ನಾಗರತ್ನಾ.

“ಅಕ್ಕಾರ, ಮಾವನ ಮಾತು ಪೆನ್‌ಡ್ರೈವಿಗೆ ಹಾಕಿ ಕೊಡತೇನಿ ಅಂದಿದ್ರಿ. ನನ್ನ ಫೋನಿನಾಗ ನೀವು ರೆಕಾರ್ಡ್ ಮಾಡುವಾಗಿನ ಫೋಟೋ ಮೊನ್ನೆ ಮಾವಗ ತೋರಸೀನ್ರಿ. ಅವತ್ತಿಂದ ಫೋಟೋ ನೋಡೂದು, ಕಿವಿ ಮುಟ್ಟಿ ತೋರಸೂದು, ಇದನ್ನ ಹಚ್ಚ್ಯಾರ.”

“ಕೊಡತೇನವ್ವಾ. ಈ ವಾರದಾಗ” ಎಂದಳು ಅನ್ನಪೂರ್ಣಾ. ಅಂದದ್ದು ಸುಳ್ಳೋ ನಿಜವೋ ಆಕೆಗೇ ಗೊತ್ತಿರಲಿಲ್ಲ.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಜಾರದ ಕಲ್ಮೇಶನ ಅಂಗಡಿಗೆ ನಡೆದಳು. ಮಾರಿದವನೂ ಮನೆಗೆ ಬಂದು ಹಚ್ಚಿಕೊಟ್ಟವನೂ ಅವನೇ. ಕಲ್ಮೇಶ ಯಾರದೋ ಪ್ರಿಂಟರಿನ ಹೊಟ್ಟೆ ಬಿಚ್ಚಿ ಕೂತಿದ್ದ.

“ಬರ್ರಿ ಅಕ್ಕಾರ, ಕುಂದರ್ರಿ. ಏನ, ಲ್ಯಾಪ್‌ಟಾಪ್ ಮುನಿಸಿಕೊಂತೇನ್ರಿ?”

ಅನ್ನಪೂರ್ಣಾ ಮುಚ್ಚಳ ತೆರೆದು ತೋರಿಸಿದಳು. ಕಲ್ಮೇಶ ನೀಲಿ ಪರದೆಯನ್ನು ನೋಡಿ ಲೊಚಗುಟ್ಟಿದ.

“ಫಾರ್ಮ್ಯಾಟ್ ಹೊಡದಬಿಡೋಣ್ರಿ. ಅರ್ಧ ತಾಸಿನ ಕೆಲಸ, ಹೊಸದರಂಗ ಆಗತೈತಿ.”

“ಬ್ಯಾಡ! ಒಳಗ ಇದ್ದದ್ದು ಬೇಕ್ರಿ. ನೀವು ಮೊದಲ ದಿನ ಯಾರ ಖಾತೆ ಹಾಕಿದ್ರಿ, ಅದನ್ನ ಹೇಳ್ರಿ.”

“ನಿಮ್ಮದನ ಹಾಕಿರತೇನಿ. ನಿಮ್ಮ ಹೆಸರು ಬರತಿತ್ತಿಲ್ಲೋ?”

“ಹೆಸರು ನಂದ. ಆದರ ನನ್ನ ಖಾತೆದಾಗ ಕೀಲಿ ಇಲ್ಲ.”

“ಹಂಗ ಹ್ಯಾಂಗ ಆಗತೈತ್ರಿ?”

“ಅದನ್ನ ನಾ ನಿಮಗ ಕೇಳಾಕ ಬಂದೇನಿ!”

ಕಲ್ಮೇಶ ತಲೆ ಕೆರೆದುಕೊಂಡ. ಅವನ ತಪ್ಪೇನೂ ಇರಲಿಲ್ಲ. ವಾರಕ್ಕೆ ಹತ್ತು ಮನೆಗೆ ಹೋಗುವವನು ಎಲ್ಲಿ ಯಾರ ಮೇಲ್ ಹಾಕಿದೆ ಎಂದು ನೆನಪಿಟ್ಟುಕೊಂಡಾನೇ? ಆದರೆ ಅನ್ನಪೂರ್ಣಾ ಎದ್ದು ಹೋಗುವ ಲಕ್ಷಣ ಕಾಣದಿದ್ದಾಗ ಸ್ಕ್ರೂಡ್ರೈವರ್ ಕೆಳಗಿಟ್ಟು ನೆನೆಯತೊಡಗಿದ.

“ನಿಮ್ಮ ಮನ್ಯಾಗ ಅವತ್ತು ಶೀರಾ ಮಾಡಿದ್ರಿ. ಹೌದಲ್ರಿ? ಎರಡನೇ ಸಲ ಹಾಕಿಸ್ಕೊಂಡೀನಿ, ಅದಕ್ಕ ನೆನಪೈತಿ. ನೀವು ಅಡಗಿಮನ್ಯಾಗ ಇದ್ರಿ. ಲ್ಯಾಪ್‌ಟಾಪಿನ ಮುಂದ ಕುಂತಾಕಿ ಒಬ್ಬಾಕಿ ಅಜ್ಜಿ…”

ಯಾವ ಅಜ್ಜಿ ಎಂದು ಅನ್ನಪೂರ್ಣಾ ಕೇಳಬೇಕಾಗಿರಲಿಲ್ಲ.

ಅವರ ಮನೆಯಲ್ಲಿ ಹೊಸದು ಏನೇ ಬರಲಿ, ಮೊದಲು ಬಾಯವ್ವನ ಕೈ ಬೀಳಬೇಕು. ಬಾಯವ್ವ ಮಾಂತೇಶನ ಸೋದರತ್ತೆ, ಸಿರಸಂಗಿಯಲ್ಲಿ ಇರುವವಳು. ಆಕೆಯ ಕೈಗುಣ ಚಲೋ ಎಂಬುದು ಮನೆತನದಲ್ಲಿ ಪ್ರಶ್ನೆಯೇ ಇಲ್ಲದ ಮಾತು. ಬಾವಿಯ ಮೋಟರು, ಹೊಲಿಗೆ ಯಂತ್ರ, ಮಾಂತೇಶನ ಮೋಟರ್‌ಸೈಕಲ್ಲು, ಯಾವುದರ ಗುಂಡಿಯನ್ನೂ ಬೇರೆಯವರು ಮೊದಲು ಒತ್ತಿದ್ದಿಲ್ಲ. ಲ್ಯಾಪ್‌ಟಾಪ್ ಬಂದಾಗಲೂ ಮಾಂತೇಶ ಹೋಗಿ ಆಕೆಯನ್ನು ಕರೆತಂದಿದ್ದ. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಗುಂಡಿ ಒತ್ತಿ, ಆಕೆ ಮಣೆಯ ಮೇಲೆ ಗಟ್ಟಿಯಾಗಿ ಕೂತಿದ್ದನ್ನು ಅನ್ನಪೂರ್ಣಾ ಅಡುಗೆಮನೆಯ ಬಾಗಿಲಿಂದ ಕಂಡಿದ್ದಳು. ಗುಂಡಿ ಒತ್ತಿದರೆ ಮುಗಿಯಿತು ಎಂದೇ ತಿಳಿದಿದ್ದಳು. ರವೆ ತಳ ಹಿಡಿಯುವ ಹೊತ್ತಾಗಿತ್ತು, ಒಳಗೆ ಹೋಗಿದ್ದಳು.

“ಮೊಬೈಲ್ ನಂಬರ ಕೇಳತೈತಿ ಅಂತ ನಾ ಅಂದೆ” ಎಂದ ಕಲ್ಮೇಶ, ಈಗ ಎಲ್ಲವೂ ನೆನಪಾಗಿ. “ಕೇಳೂದ ತಡ, ಅಜ್ಜಿ ತನ್ನ ನಂಬರ ಹಾಡಿದಂಗ ಹೇಳಿಬಿಟ್ಳು. ನಾ ಬ್ಯಾರೆ ಯಾರದರ ಹಾಕೋಣು ಅಂದ್ರ, ‘ಯಾಕ, ನನ್ನ ನಂಬರಿಗೆ ಏನ ಹುಳ ಬಿದ್ದೈತಿ?’ ಅಂತ ಬೈದ್ಳು. ಹೆಸರಿನ ಜಾಗಾದಾಗ ನಿಮ್ಮ ಹೆಸರು ಹಾಕೀನಿ, ನಂಬರ ಆಕೀದು.”

“ಇದನ್ನ ನನಗ ಅವತ್ತ ಹೇಳೂದಲ್ಲೇನ್ರಿ?”

“ಶೀರಾ ತಿನ್ನೂದ್ರಾಗ ಮರತೆ ಅಕ್ಕಾರ. ಈಗೇನು, ಆ ನಂಬರ ಹಾಕ್ರಿ, ಒಟಿಪಿ ಬರತೈತಿ, ಅಜ್ಜಿಗೆ ಕೇಳ್ರಿ. ಮುಗೀತು.”

ಮುಗಿಯಿತು ಎಂದುಕೊಂಡೇ ಅನ್ನಪೂರ್ಣಾ ಅಂಗಡಿಯ ಮುಂದೆ ನಿಂತು ತನ್ನ ಫೋನಿನಲ್ಲಿ ಬಾಯವ್ವನ ನಂಬರ್ ಹಾಕಿ, ಒಟಿಪಿ ಕಳಿಸೆಂದು ಒತ್ತಿ, ಆಕೆಗೆ ಫೋನು ಹಚ್ಚಿದಳು.

“ಅತ್ತಿ, ನಾನ್ರಿ ಅನ್ನಪೂರ್ಣಾ. ಈಗ ನಿಮ್ಮ ಫೋನಿಗೆ ಒಂದು ಮೆಸೇಜು ಬಂದಿರತೈತಿ. ಅದರಾಗ ಅಂಕಿ ಅದಾವ. ಬಾಜೂ ಮನೀಯವರ ಹಂತೇಕ ಓದಿಸಿ ಸ್ವಲ್ಪ ಹೇಳ್ರಿ.”

ಬಾಯವ್ವನ ದನಿ ಬೇರೆಯೇ ಆಗಿ ಬಂತು.

“ಯಾಂವೋ ನೀನು?”

“ಅತ್ತಿ, ನಾನ್ರಿ. ಬೈಲಹೊಂಗಲದ ಅನ್ನಪೂರ್ಣಾ. ಮಾಂತೇಶನ ಹೇಣ್ತಿ.”

“ಹೌದ್ಹೌದು. ಮೊನ್ನೆ ನಮ್ಮ ಓಣಿ ಮುದಕಪ್ಪಗ ಅವನ ಮಗನ ಫೋನ್ ಮಾಡಿದ್ದ. ದನಿ ಮಗನದ, ಒಳಗಿನಾಂವ ಬ್ಯಾರೆ. ಖಾತೆ ತೊಳದು ಹೋತು. ಬ್ಯಾಂಕಿನವರು ಗುಡಿ ಮುಂದ ಸಭಾ ಮಾಡಿ ಹೇಳಿ ಹೋಗ್ಯಾರ. ಸ್ವಂತ ಮಗಳು ಕೇಳಿದ್ರೂ ಅಂಕಿ ಹೇಳಬ್ಯಾಡ್ರಿ ಅಂತ. ಮಗಳಿಗೇ ಹೇಳಬಾರದಂದ್ರ ನೀ ಯಾವ ಗಿಡದ ತಪ್ಪಲ?”

“ಬೇಕಾದ್ದು ಕೇಳ್ರಿ ಅತ್ತಿ. ನಾನ ಹೌದೋ ಅಲ್ಲೋ ಪರೀಕ್ಷಾ ಮಾಡ್ರಿ.”

“ನಿನ್ನ ಕುಬಸದ ಕಾರ್ಯಕ್ಕ ನಾ ನಿನಗ ಯಾವ ಸೀರಿ ತಂದಿದ್ದೆ?”

“ಹಸರು ಇಳಕಲ್. ಕೆಂಪು ಸೆರಗು.”

ಬಾಯವ್ವ ಯೋಚಿಸಿದಳು. “ಅದು ಊರಿಗೆಲ್ಲಾ ಗೊತ್ತೈತಿ. ಫೋಟೋದಾಗ ಐತಿ” ಎಂದು ಫೋನು ಇಟ್ಟಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಾಂತೇಶ ಜಿನ್ನಿನಿಂದ ಹಚ್ಚಿದರೂ ಎತ್ತಲಿಲ್ಲ. ಸಂಜೆಗೆ ಫೋನೇ ಬಂದ್ ಆಗಿತ್ತು.

“ಆಕಿ ಶಾಣ್ಯಾಕಿ” ಎಂದ ಮಾಂತೇಶ, ಮನೆಗೆ ಬಂದು ಕೈಕಾಲು ತೊಳೆಯುತ್ತ. ಅದರಲ್ಲಿ ಹೆಮ್ಮೆಯೂ ಇತ್ತು. “ಎದುರಿಗೆ ಹೋದ್ರನ ಆಗೂದು. ನಾಳೆ ಐತವಾರ, ಹೋಗಿ ಬಾ.”

ಅನ್ನಪೂರ್ಣಾ ಆ ರಾತ್ರಿ ಲ್ಯಾಪ್‌ಟಾಪನ್ನು ಮತ್ತೆ ತೆರೆಯಲಿಲ್ಲ. ಚೀಲದಲ್ಲಿ ಅದನ್ನು ಸೀರೆಯ ನಡುವೆ ಇಟ್ಟು, ಚಾರ್ಜರ್, ಪೆನ್‌ಡ್ರೈವ್, ಒಂದು ನೋಟುಬುಕ್, ಎರಡು ಪೆನ್ನು ತುಂಬಿದಳು. ಒಂದು ಪೆನ್ನು ನಡುವೆ ನಿಂತರೆ ಎಂದು ಮೂರನೆಯದನ್ನೂ ಹಾಕಿದಳು.

ರವಿವಾರ ಯರಗಟ್ಟಿಯಲ್ಲಿ ಬಸ್ ಬದಲಿಸುವಾಗ ನೂಕುನುಗ್ಗಲಿತ್ತು. ಮೆಣಸಿನಕಾಯಿ ಚೀಲದವನೊಬ್ಬ ಕಾಲಡಿಗೆ ಇಡ್ರಿ ಎಂದರೂ ಆಕೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಒಟಿಪಿ ಬರದಿದ್ದರೆ? ಬಂದರೂ ಆ ಖಾತೆಯಲ್ಲಿ ಕೀಲಿ ಇಲ್ಲದಿದ್ದರೆ? ಇದ್ದ ಕೀಲಿ ಈ ಬೀಗದ್ದೇ ಅಲ್ಲದಿದ್ದರೆ? ಮಹಾಂತಪ್ಪನವರ ಮುಂದೆ ಹೋಗಿ ನಿಂತು, ನಿಮ್ಮ ಮಾತು ಕಳೆದೆ ಎಂದು ಹೇಳುವುದಾದರೂ ಹೇಗೆ? ಅವರು ಬೈಯಲೂ ಆರರು.

ಬಾಯವ್ವ ಅಂಗಳದಲ್ಲಿ ಮೊರ ಹಿಡಿದು ಕಡಲೆ ಕೇರುತ್ತಿದ್ದಳು. ಸೊಸೆಯನ್ನು ಕಂಡು ಎದ್ದು ಬಂದು, ಕೆನ್ನೆ ಮುಟ್ಟಿ, ಗಲ್ಲ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿದಳು.

“ನೀನ ಹೌದು ಬಿಡು.”

“ನಿನ್ನೇನೂ ನಾನ ಇದ್ನೆಲ್ರಿ ಅತ್ತಿ!”

“ನಿನ್ನೆ ಫೋನಿನಾಗ ಗಲ್ಲ ಕಾಣಸಲಿಲ್ಲಲ್ಲವಾ. ಮೊದಲ ರೊಟ್ಟಿ ತಿನ್ನು.”

ತಿನ್ನದೆ ಏನೂ ನಡೆಯುವುದಿಲ್ಲ ಎಂದು ಗೊತ್ತಿದ್ದರಿಂದ ಅನ್ನಪೂರ್ಣಾ ರೊಟ್ಟಿ, ಬದನೆಕಾಯಿ ಪಲ್ಯ ತಿಂದಳು. ರುಚಿ ತಿಳಿಯಲಿಲ್ಲ. ಕೈ ತೊಳೆದ ಮೇಲೆ ಬಾಯವ್ವ ಸೊಂಟದ ಸಂಚಿಯಿಂದ ಫೋನು ತೆಗೆದುಕೊಟ್ಟಳು. ಗುಂಡಿಯ ಹಳೆಯ ಫೋನು. ಅನ್ನಪೂರ್ಣಾ ಅದನ್ನು ಚಾಲೂ ಮಾಡಿ, ತನ್ನ ಫೋನಿನಿಂದ ಒಟಿಪಿ ಕೇಳಿದಳು. ಬರಲಿಲ್ಲ. ಹತ್ತು ನಿಮಿಷ ಕಾದು ಮತ್ತೆ ಕೇಳಿದಳು. ಆಗಲೂ ಇಲ್ಲ. ನೆಟ್‌ವರ್ಕ್ ಇತ್ತು, ಫೋನು ಹಚ್ಚಿದರೆ ರಿಂಗಾಗುತ್ತಿತ್ತು. ಮತ್ತೆ ಏನು ಅಡ್ಡ? ಬಹಳ ಸಲ ಕೇಳಿದರೆ ಒಂದು ದಿನ ಬಾಗಿಲು ಹಾಕಿಬಿಡುತ್ತಾರಂತೆ. ಮೂರನೆಯ ಸಲ ಕೇಳಲು ಆಕೆಗೆ ಧೈರ್ಯ ಬರಲಿಲ್ಲ.

“ಅದರ ಮೂಲ್ಯಾಗ ಒಂದು ಲಕೋಟಿ ಕುಣೀತೈತಿ ನೋಡು, ಭಾಳ ದಿನದಿಂದ” ಎಂದಳು ಬಾಯವ್ವ, ಕಡಲೆ ಕೇರುತ್ತಲೇ.

ಮೂಲೆಯಲ್ಲಿ ಲಕೋಟೆಯ ಸಣ್ಣ ಚಿತ್ರವೊಂದು ಮಿನುಗುತ್ತಿತ್ತು. ಡಬ್ಬಿ ತುಂಬಿದೆ, ಹೊಸ ಮೆಸೇಜಿಗೆ ಜಾಗವಿಲ್ಲ ಎಂದು ಅದರರ್ಥ.

“ಹಳೇವು ಅಳಸಲೇನ್ರಿ ಅತ್ತಿ?”

“ಯಾವು ಯಾವು ಅದಾವ, ಮೊದಲ ಓದು. ಓದದ ಅಳಸಬ್ಯಾಡ. ಅವು ನನಗ ಬಂದಾವ.”

ನಿನ್ನೆಯಷ್ಟೇ ಓದದೆ ಅಳಿಸುವುದರ ಪೆಟ್ಟು ತಿಂದಿದ್ದ ಅನ್ನಪೂರ್ಣಾ ಎದುರಾಡಲಿಲ್ಲ. ರೀಚಾರ್ಜಿನ ಜಾಹೀರಾತು, ಸಾಲ ಕೊಡುತ್ತೇವೆಂಬ ಕರೆ, ಲಾಟರಿ ಹತ್ತಿದ ಸುದ್ದಿ, ಒಂದೊಂದನ್ನೂ ಓದಿ ಕನ್ನಡದಲ್ಲಿ ಹೇಳಿದಳು. ಬಾಯವ್ವ ನ್ಯಾಯಾಧೀಶರಂತೆ ‘ತಗಿ’, ‘ಇರಲಿ’ ಎಂದು ತೀರ್ಪು ಕೊಟ್ಟಳು. ಯುಗಾದಿಗೆ ಫೋನಿನ ಕಂಪನಿಯವರು ಕಳಿಸಿದ ಶುಭಾಶಯವನ್ನು ‘ಇರಲಿ, ಪಾಪ, ನೆನಸ್ಯಾರ’ ಎಂದು ಉಳಿಸಿಕೊಂಡಳು. ಹದಿನಾಲ್ಕನೆಯದು ಹೋದದ್ದೇ ತಡ, ಫೋನು ಕುಕ್ಕೆಂದಿತು. ಒಂದರ ಹಿಂದೆ ಒಂದು ಮೂರು ಒಟಿಪಿ ಬಂದು ಬಿದ್ದವು.

ಮೂರರಲ್ಲಿ ಯಾವುದು? ನಿನ್ನೆಯದೂ ಇದರಲ್ಲಿತ್ತೇ? ಅನ್ನಪೂರ್ಣಾ ಕೊನೆಯದನ್ನು ಹಾಕಿದಳು. ತಪ್ಪು ಎಂದಿತು. ಕೊನೆಗೆ ಬಂದದ್ದು ಕೊನೆಯದೇ ಎಂದು ಯಾರು ಹೇಳಿದರು? ಲಕೋಟೆಯ ಹೊರಗೆ ನಿಂತವು ಸಾಲು ಬಿಟ್ಟು ನುಗ್ಗಿರಬಹುದು, ಯರಗಟ್ಟಿಯ ಬಸ್ಸಿಗೆ ಮಂದಿ ನುಗ್ಗಿದಂತೆ. ನಡುವಿನದನ್ನು ಹಾಕಿದಳು.

ಖಾತೆ ತೆರೆಯಿತು. ಮೇಲೆ ‘ಅನ್ನಪೂರ್ಣಾ’ ಎಂದಿತ್ತು, ಕೆಳಗೆ ಬಾಯವ್ವನ ನಂಬರ್. ಒಳಗೆ ಹುಡುಕಿ ಹುಡುಕಿ ಕೀಲಿಗಳ ಪುಟಕ್ಕೆ ಬಂದರೆ, ಅಲ್ಲಿ ಒಂದಲ್ಲ, ಎರಡು ಕೀಲಿ.

ಪ್ರಜ್ಞಾಗೆ ಫೋನು ಹಚ್ಚಿದಳು. “ಎರಡು ಅದಾವ್ರಿ. ನಮ್ಮ ಮನ್ಯಾಗ ಇರೂದು ಒಂದ ಲ್ಯಾಪ್‌ಟಾಪು!”

“ಗಾಬರಿ ಆಗಬ್ಯಾಡ್ರಿ ಮೇಡಂ. ಡಿಸ್ಕಿನ ಬ್ಯಾರೆ ಬ್ಯಾರೆ ಭಾಗಕ್ಕ ಬ್ಯಾರೆ ಕೀಲಿ ಇರಬಹುದು. ನೀಲಿ ಪರದೆ ಮ್ಯಾಲೆ ಒಂದು ಗುರುತಿನ ಸಂಖ್ಯೆ ಬರದಿರತೈತಿ. ಅದರ ಮೊದಲ ಎಂಟು ಅಕ್ಷರಕ್ಕ ಯಾವುದು ಕೂಡತೈತಿ, ಅದ ನಿಮ್ಮ ಕೀಲಿ.”

ಎರಡನೆಯದು ಕೂಡಿತು. ಅನ್ನಪೂರ್ಣಾ ನಲವತ್ತೆಂಟೂ ಅಂಕಿಗಳನ್ನು ಆರಾರರ ಎಂಟು ಗುಂಪು ಮಾಡಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಬರೆದದ್ದನ್ನು ಫೋನಿಗೆ ಹಿಡಿದು ಮೂರು ಸಲ ತಾಳೆ ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು ಒತ್ತತೊಡಗಿದಳು. ಬಾಯವ್ವ ಮೊರ ಬದಿಗಿಟ್ಟು ಪಕ್ಕದಲ್ಲಿ ಬಂದು ಕೂತಳು. ಒಂದು ಗುಂಪು ಮುಗಿದಾಗೊಮ್ಮೆ ಒಂದು ಕಡಲೆ ಕಾಳನ್ನು ಆಕಡೆ ಸರಿಸಿದಳು. ಅದರಿಂದ ಯಾರಿಗೇನು ಉಪಯೋಗವೋ ಅನ್ನಪೂರ್ಣಾಗೆ ತಿಳಿಯಲಿಲ್ಲ, ಆದರೂ ಕಾಳು ಸರಿಯುವವರೆಗೆ ಮುಂದಿನ ಗುಂಪನ್ನು ಶುರು ಮಾಡಲಿಲ್ಲ.

ಐದನೆಯ ಗುಂಪನ್ನು ಯಂತ್ರ ಒಪ್ಪಲಿಲ್ಲ.

“ಯಾಕ ನಿಂತಿ?”

“ಇದು ತಪ್ಪು ಅನ್ನಾಕತ್ತೈತ್ರಿ. ನಾ ಬರದದ್ದು ಮೂರೋ ಎಂಟೋ ನನಗ ತಿಳೀವಲ್ದು.”

“ಇಷ್ಟು ಓದೀದಿ, ನಿನ್ನ ಅಕ್ಷರ ನಿನಗ ತಿಳ್ಯಾಂಗಿಲ್ಲ?”

ಫೋನು ತೆಗೆದು ನೋಡಿದರೆ ಅದು ಮೂರೂ ಅಲ್ಲ, ಎಂಟೂ ಅಲ್ಲ, ಒಂಬತ್ತು. ಮೂರು ಸಲ ತಾಳೆ ನೋಡುವಾಗ ಕಣ್ಣಿಗೆ ಏನಾಗಿತ್ತು? ತಿದ್ದಿ, ಉಳಿದ ಮೂರು ಗುಂಪನ್ನು ನೋಟುಬುಕ್ ನೋಡದೆ ನೇರ ಫೋನಿನಿಂದಲೇ ಒತ್ತಿದಳು. ಎಂಟನೆಯ ಕಾಳು ಸರಿಯಿತು. ನೀಲಿ ಹೋಗಿ ಕಪ್ಪಾಯಿತು. ಕಪ್ಪಿನಲ್ಲಿ ಸಣ್ಣ ಚುಕ್ಕೆಗಳು ಗಿರಗಿರ ತಿರುಗಿದವು. ಕೊನೆಗೆ ಎಂದಿನ ಪರದೆ, ಎಂದಿನ ಸ್ವಾಗತ.

ಕಡತ ತೆರೆದು ಎಣಿಸಿದಳು. ಅರವತ್ತಮೂರು. ಮತ್ತೊಮ್ಮೆ ಎಣಿಸಿದಳು.

ಮೊದಲು ಇದಕ್ಕೊಂದು ಪ್ರತಿ ಬೇಕು. ಆದರೆ ಹಾಕುವುದೆಲ್ಲಿಗೆ? ಕೈಯಲ್ಲಿದ್ದದ್ದು ಲಿನಕ್ಸ್ ತುಂಬಿದ ಪೆನ್‌ಡ್ರೈವು. ಅದನ್ನು ತಯಾರು ಮಾಡಲು ಮೂರು ಸಂಜೆ ಹಿಡಿದಿತ್ತು. ಅದನ್ನು ಬರಿದು ಮಾಡಿದರೆ ಕೆಲಸ ಮತ್ತೆ ಮೊದಲಿಂದ. ಪ್ರಜ್ಞಾಗೆ ಕೇಳೋಣವೆಂದು ಫೋನು ಎತ್ತಿದಳು. ಆಕೆ ಏನು ಹೇಳಿದರೂ ತಾನು ಮಾಡುವುದು ಇದನ್ನೇ ಎಂದು ತಿಳಿದು ಕೆಳಗಿಟ್ಟಳು. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾತ್ರಿಯೇ?’ ಎಂದು ಯಂತ್ರ ಕೇಳಿತು. ಯಾವುದರಲ್ಲಿರುವುದು ಎಂದು ಅಕ್ಷರಕ್ಕೆ ಬೆರಳಿಟ್ಟು ನಾಲ್ಕು ಸಲ ಓದಿದಳು. ಪೆನ್‌ಡ್ರೈವಿನದೇ ಹೆಸರು. ಒತ್ತಿದಳು.

ಪ್ರತಿಯಾಗಲು ಇನ್ನೂ ಎರಡು ತಾಸು ಎಂದು ತೋರಿಸಿತು. ಚಹಾ ಕುದಿಯುವುದರೊಳಗೆ ಹನ್ನೊಂದು ನಿಮಿಷ ಎಂದಿತು, ಕುಡಿಯುವಾಗ ಮತ್ತೆ ಒಂದು ತಾಸು.

“ಎಷ್ಟು ಹೊತ್ತು ಅಂತ ಅದಕ್ಕರ ಗೊತ್ತೈತೇನು?” ಎಂದಳು ಬಾಯವ್ವ.

“ಗೊತ್ತಿಲ್ಲಂತ ಕಾಣತೈತ್ರಿ ಅತ್ತಿ. ಇಲ್ಲಿಂದ ತೊರಗಲ್ಲಿಗೆ ಬಸ್ ಯಾವಾಗೈತ್ರಿ?”

“ಲಿನಕ್ಸೋ ಪನಕ್ಸೋ ಏನೋ ಹಾಕಬೇಕಂತಿದ್ದಿ?”

“ಅದು ಆಮ್ಯಾಲೆ. ಮೊದಲ ಇದು ಅವರ ಮನೀಗೆ ಮುಟ್ಟಲಿ. ಇನ್ನೊಂದು ದಿನಾ ಇದು ನನ್ನ ಹಂತೇಕ ಒಂದ ಕಡೆ ಇದ್ರ ನನಗ ನಿದ್ದಿ ಬರೂದಿಲ್ಲ.”

ಮೂರೂವರೆಗೆ ಪ್ರತಿ ಮುಗಿಯಿತು. ಮುಗಿಯಿತು ಎಂದು ಯಂತ್ರ ಹೇಳಿದ್ದನ್ನು ಅನ್ನಪೂರ್ಣಾ ನಂಬಲಿಲ್ಲ. ಪೆನ್‌ಡ್ರೈವಿಗೆ ಹೋಗಿ ಕಣ್ಣಿಗೆ ಬಿದ್ದ ಒಂದು ಕಡತವನ್ನು ತೆರೆದಳು. ಮೊದಲು ಗಾಳಿಯ ಸದ್ದು. ದೂರದಲ್ಲಿ ಕೋಳಿ. ಪಾತ್ರೆಯೊಂದು ಬಿದ್ದದ್ದು. ಆಮೇಲೆ ಸ್ವಲ್ಪ ಒರಟಾದ, ತೀರ ಹತ್ತಿರದ ದನಿ:

“ಇದು ನನ್ನ ಮಾತು ಹಿಡಿಯಾಕತ್ತೈತೇನು ತಂಗಿ? ಸುಮ್ಮ ನಾ ಒಬ್ಬನ ಒದರಿದಂಗ ಆದೀತು.”

“ಹಿಡಿಯಾಕತ್ತೈತೋ ಯಣ್ಣಾ, ನೀ ಹೇಳು” ಎಂದಳು ಬಾಯವ್ವ, ಲ್ಯಾಪ್‌ಟಾಪಿನ ಕಡೆಗೆ ಬಾಗಿ, ಫೋನಿನಲ್ಲಿ ಮಾತಾಡುವಷ್ಟು ಗಟ್ಟಿಯಾಗಿ.

ಅನ್ನಪೂರ್ಣಾ ಅದು ಹಳೆಯದೆಂದು ತಿಳಿಸಿ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಒಳಗಿನಿಂದ ಮಹಾಂತಪ್ಪ ಒಮ್ಮೆ ಕೆಮ್ಮಿ, “ಹಂಗಾದ್ರ ಕೇಳ್ರಿ” ಎಂದು ಕೂರಿಗೆಯ ತಾಳಿನಿಂದ ಶುರು ಮಾಡಿದರು. ಬಾಯವ್ವ ಮೊರವನ್ನು ತೊಡೆಗೆ ಎಳೆದುಕೊಂಡು ಹೂಂಗುಡುತ್ತ ಕೂತಳು.